ಒಂದೇ ಮಾಳಿಗೆ ಮೇಲೆ ಎರಡು ರೇಡಿಯೊ

“ಮಾಮಾ, ನೀ ಮೈಕ್ ಒತ್ತಿದ ಕೂಡ್ಲೇ ನನ್ನ ರಿಗ್ ಕಿವುಡ ಆಗ್ತೈತಿ ನೋಡು.”

ಅಳಿಯ ಹೀಗೆ ತಕರಾರು ತೆಗೆದಾಗ ಅಕ್ಟೋಬರ್ ಮೊದಲ ವಾರ. ಮೂರನೇ ವಾರದ ಕೊನೆಗೆ ಜಾಂಬೂರಿ ಆನ್ ದಿ ಏರ್, ಅಂದರೆ ಸ್ಕೌಟ್‌ಗಳು ರೇಡಿಯೊ ಮೂಲಕ ಸೇರುವ ಮೇಳ. ಅವನ ತಂಡದ ಹುಡುಗರು ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಗೆ ಬಂದು ರೇಡಿಯೊದಲ್ಲಿ ಮಾತಾಡುವವರಿದ್ದರು. ನಮ್ಮಿಬ್ಬರಿಗೂ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಇದೆ, ಒಬ್ಬೊಬ್ಬರಿಗೆ ಒಂದೊಂದು ರಿಗ್ (ರೇಡಿಯೊ ಸೆಟ್). ನಾನು 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್), ಅವನು 20ರಲ್ಲಿ (14 ಮೆಗಾಹರ್ಟ್ಸ್) ಕೂರೋದು ಅಂತ ಮಾತಾಗಿತ್ತು. ಹುಡುಗರು ಜಾಸ್ತಿ, ಸರದಿ ಬೇಗ ಸಾಗಬೇಕಲ್ವಾ?

ತೊಂದರೆಯ ಲೆಕ್ಕ ಸರಳ. ನಾನು 7.090 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದರ ಎರಡರಷ್ಟು, ಅಂದರೆ 14.180ರಲ್ಲೂ ಸ್ವಲ್ಪ ಸೋರುತ್ತದೆ. ಅಳಿಯ ಕೂತಿದ್ದು ಸರಿಯಾಗಿ ಅಲ್ಲೇ! ನನ್ನ ದನಿ ಅವನಿಗೆ ನೀರಲ್ಲಿ ಮುಳುಗಿ ಮಾತಾಡಿದ ಹಾಗೆ ಗಲಗಲ ಕೇಳುತ್ತಿತ್ತು. ಮೊದಲ ದಿನ ಫ್ರೀಕ್ವೆನ್ಸಿ ಬದಲಿಸಿ ನೋಡಿದೆವು. ಗಲಗಲ ಹೋಯಿತು, ಕಿವುಡು ಹೋಗಲಿಲ್ಲ.

ಅಂದರೆ ರೋಗ ಒಂದಲ್ಲ, ಎರಡು. ಒಂದು, ನನ್ನ ರಿಗ್‌ನಿಂದ ಹೊರಡುವ ಹಾರ್ಮೋನಿಕ್, ಅಂದರೆ ಆ ಎರಡರಷ್ಟರ ಸೋರಿಕೆ. ಇನ್ನೊಂದು, ನನ್ನ 7 ಮೆಗಾಹರ್ಟ್ಸ್‌ನ ಅಸಲಿ ಸಿಗ್ನಲ್ಲೇ ಪಕ್ಕದ ಆಂಟೆನಾದಿಂದ ಒಳಗೆ ನುಗ್ಗಿ ಅವನ ರಿಸೀವರನ್ನು ಉಸಿರುಗಟ್ಟಿಸುವುದು. ಇವೆರಡನ್ನೂ ಬೇರೆ ಮಾಡಿ ನೋಡದೆ ಫಿಲ್ಟರ್ ಕೊಂಡರೆ ದುಡ್ಡು ದಂಡ. ನಾವು ಅವನ ರಿಗ್‌ನ ಅಟೆನ್ಯುಯೇಟರ್, ಅಂದರೆ ಒಳಬರುವ ಸಿಗ್ನಲ್ ತಗ್ಗಿಸುವ ಬಟನ್ ಒತ್ತಿ ನೋಡಿದೆವು. ಅದು 12 ಡೆಸಿಬೆಲ್‌ನದು, ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್ ಮೀಟರಿನಲ್ಲಿ ಎರಡು ಮನೆ. 14.180ರ ಗಲಗಲ ಎಸ್9ರಿಂದ ಎಸ್7ಕ್ಕೆ, ಲೆಕ್ಕಕ್ಕೆ ಸರಿಯಾಗಿ ಇಳಿಯಿತು. ಅಂದರೆ ಅದು ಹೊರಗಿನಿಂದಲೇ ಬರುತ್ತಿದೆ. ಆದರೆ ಬಟನ್ ಒತ್ತಿದ ಕೂಡಲೇ ಬ್ಯಾಂಡಿನ ಉಳಿದ ಸ್ಟೇಷನ್‌ಗಳು ಮತ್ತೆ ಕೇಳತೊಡಗಿದವು. ಅದು ರಿಸೀವರ್ ಸೋತಿದ್ದರ ಗುರುತು. ನನ್ನ ಆಂಟೆನಾ ಬಿಚ್ಚಿ, ಸಿಗ್ನಲನ್ನು ಹೊರಗೆ ಬಿಡದೆ ನುಂಗುವ ಡಮ್ಮಿ ಲೋಡ್ ಹಚ್ಚಿದಾಗ ಎರಡೂ ನಿಂತವು. ಹಾಗಾಗಿ ಪವರ್ ಸಪ್ಲೈ ಮೇಲಿನ ನನ್ನ ಅನುಮಾನ ಹೋಯಿತು.

ಖರ್ಚಿಲ್ಲದ ಕೆಲಸ ಮೊದಲು. ಎರಡೂ ಆಂಟೆನಾ ಮಾಳಿಗೆ ಮೇಲೆ ನಾಲ್ಕು ಮೀಟರ್ ಅಂತರದಲ್ಲಿ ಅಕ್ಕಪಕ್ಕ ಮಲಗಿದ್ದವು. ಅಳಿಯನ ಡೈಪೋಲನ್ನು (ತಂತಿ ಆಂಟೆನಾ) ಹಿತ್ತಲಿನ ಪೇರಲ ಗಿಡದ ಕಡೆಗೆ ಎಳೆದು, ನನ್ನದಕ್ಕೆ ಅಡ್ಡಲಾಗಿ ಕಟ್ಟಿದೆವು. ಅರ್ಧ ದಿನ ಹಿಡಿಯಿತು. ಎರಡೂ ತೊಂದರೆ ಕಣ್ಣಿಗೆ ಕಾಣುವಷ್ಟು ಇಳಿದವು.

ಆಮೇಲೆ ಸ್ಟಬ್. ಇದು ನನಗೆ ಬಹಳ ಇಷ್ಟದ ವಿದ್ಯೆ, ಯಾಕೆಂದರೆ ಬರೀ ಕೇಬಲ್ ತುಂಡು. 7 ಮೆಗಾಹರ್ಟ್ಸ್‌ಗೆ ಕಾಲು ತರಂಗದಷ್ಟು ಉದ್ದದ ಕೋಆಕ್ಸ್ (ಆಂಟೆನಾ ಕೇಬಲ್) ಕತ್ತರಿಸಿ, ಒಂದು ತುದಿಯನ್ನು ರಿಗ್ ಹಿಂದೆ ಟೀ ಕನೆಕ್ಟರಿಗೆ ಹಚ್ಚಬೇಕು. ಇನ್ನೊಂದು ತುದಿಯಲ್ಲಿ ಒಳತಂತಿಯನ್ನೂ ಜಾಲರಿಯನ್ನೂ ಕೂಡಿಸಿ ಬೆಸುಗೆ ಹಾಕಿದರೆ, 7ಕ್ಕೆ ಅದು ಇದ್ದೂ ಇಲ್ಲದ ಹಾಗೆ. 14ಕ್ಕೆ ಅದೇ ತುಂಡು ಅರ್ಧ ತರಂಗ ಆಗುತ್ತದೆ, ತುದಿಯ ಶಾರ್ಟ್ ಟೀಯಲ್ಲೇ ಬಂದು ಕೂರುತ್ತದೆ. ಹಾರ್ಮೋನಿಕ್ ಅಲ್ಲೇ ನೆಲ ಕಚ್ಚುತ್ತದೆ. ಇದು ನನ್ನ ರಿಗ್‌ಗೆ. ಅಷ್ಟೇ ಉದ್ದದ ಇನ್ನೊಂದು ತುಂಡಿನ ತುದಿಯನ್ನು ಬೆಸೆಯದೆ ತೆರೆದು ಬಿಟ್ಟರೆ ಪೂರ್ತಿ ಉಲ್ಟಾ. 14 ಸಲೀಸಾಗಿ ಹೋಗುತ್ತದೆ, 7 ಸಾಯುತ್ತದೆ. ಅದು ಅಳಿಯನ ರಿಗ್‌ಗೆ. ರಿಗ್‌ಗೆ ಆಂಟೆನಾ ಹೊಂದಿಸುವ ಟ್ಯೂನರ್ ಇದ್ದವರು ಸ್ಟಬ್ಬನ್ನು ರಿಗ್ ಮತ್ತು ಟ್ಯೂನರ್ ನಡುವೆ ಹಚ್ಚಬೇಕು.

ಉದ್ದದ ವಿಷಯಕ್ಕೆ ನಾನು ಕೈ ಸುಟ್ಟುಕೊಂಡೆ. ಗಟ್ಟಿ ಪಾಲಿಥಿನ್ ತುಂಬಿದ ಆರ್‌ಜಿ-58 ಕೋಆಕ್ಸ್‌ನಲ್ಲಿ ಸಿಗ್ನಲ್ ಬೆಳಕಿನ ವೇಗದ 0.66ರಷ್ಟು ಓಡುತ್ತದೆ. ಆ ಲೆಕ್ಕದಲ್ಲಿ ಬೇಕಾದದ್ದು ಸುಮಾರು 7 ಮೀಟರ್. ಇರಲಿ ಅಂತ 7.2 ಕತ್ತರಿಸಿದೆ. ಯಾವ ಫ್ರೀಕ್ವೆನ್ಸಿ ಎಷ್ಟು ಸಾಯುತ್ತದೆ ಅಂತ ಗೆರೆ ಎಳೆದು ತೋರಿಸುವ ಪುಟ್ಟ ಮೀಟರ್ ನ್ಯಾನೊವಿಎನ್‌ಎಗೆ ಹಚ್ಚಿದರೆ, ಗೆರೆಯ ಗುಂಡಿ 13.7 ಮೆಗಾಹರ್ಟ್ಸ್ ಹತ್ತಿರ ಬೀಳಬೇಕಿತ್ತು, ಬಿದ್ದದ್ದು 16.7ಕ್ಕೆ. ಎರಡು ಸಲ ಬೆಸುಗೆ ಬಿಚ್ಚಿ ಹಾಕಿದೆ. ಕೊನೆಗೆ ತುದಿ ಸುಲಿದು ಉಗುರಿನಿಂದ ಒತ್ತಿದೆ. ಒಳಗಿನ ಬಿಳಿ ಪದರ ಹಿಚುಕಿದಂತಾಯಿತು. ಫೋಮ್! ಅಂಗಡಿಯವರು ಆರ್‌ಜಿ-58 ಅಂತಲೇ ಕೊಟ್ಟಿದ್ದರು, ನಾನೂ ನೋಡದೆ ತಂದಿದ್ದೆ. ಫೋಮ್ ಕೇಬಲ್‌ನಲ್ಲಿ ವೇಗ ಜಾಸ್ತಿ, ಹಾಗಾಗಿ ಉದ್ದವೂ ಜಾಸ್ತಿ ಬೇಕು. ನನ್ನದಕ್ಕೆ ಎಂಟೂವರೆ ಮೀಟರ್ ಹತ್ತಿರ ಬೇಕಿತ್ತು. ಕತ್ತರಿಸಿದ್ದನ್ನು ಉದ್ದ ಮಾಡೋಕಾಗುತ್ತಾ? ಮತ್ತೆ ಹುಬ್ಬಳ್ಳಿಗೆ ಹೋದೆ. ಈ ಸಲ ಅಂಗಡಿಯಲ್ಲೇ ಸುಲಿದು ಒತ್ತಿ ನೋಡಿದೆ. ಮನೆಗೆ ತಂದು, ಒಂದೊಂದೇ ಸೆಂಟಿಮೀಟರ್ ಕತ್ತರಿಸುತ್ತಾ ಗುಂಡಿಯನ್ನು 14.170ಕ್ಕೆ ತಂದು ನಿಲ್ಲಿಸಿದೆ.

ಎರಡೂ ಸ್ಟಬ್ ಹಚ್ಚಿದ ಮೇಲೆ ಕಿವುಡು ಹೋಯಿತು. ಗಲಗಲ ಮಾತ್ರ ಎಸ್4ರಷ್ಟು ಉಳಿಯಿತು. ಫೆರೈಟ್ ಬಳೆಗೆ ಕೋಆಕ್ಸನ್ನು ಹನ್ನೆರಡು ಸುತ್ತು ಸುತ್ತಿ, ಕೇಬಲ್ ಹೊರಮೈಯಲ್ಲಿ ಹರಿಯುವ ಸಿಗ್ನಲ್ ತಡೆಯುವ ಚೋಕ್ ಮಾಡಿ ಹಾಕಿದೆ. ಕದಲಲಿಲ್ಲ. ಮೂರು ದಿನ ತಲೆ ಕೆರೆದುಕೊಂಡೆ.

ಅದನ್ನು ಹಿಡಿದುಕೊಟ್ಟವರು ನಮ್ಮವ್ವ. ಸಂಜೆ ಮೋಡ ಕವಿದಿತ್ತು. ನಾನು ಕೆಳಗೆ ಒಂದೇ ಸಮ “ಹಲೋ ಟೆಸ್ಟ್” ಅನ್ನುತ್ತಿದ್ದೆ, ಅಳಿಯ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದ. ಒಮ್ಮೆಲೇ ಕೈ ಎತ್ತಿದ. “ತಡಿ ಮಾಮಾ, ಈಗ ಕಟಕಟ ಅಂದು ಹೋತು. ಮತ್ತ ಬಂತು. ಮತ್ತ ಹೋತು.” ಮೇಲೆ ಓಡಿ ನೋಡಿದರೆ ಅವ್ವ ಮಳೆ ಬರುತ್ತೆ ಅಂತ ಅವಸರದಲ್ಲಿ ಅರಿವಿ ಎಳೆದುಕೊಳ್ಳುತ್ತಿದ್ದರು. ಅವರು ಒಂದೊಂದು ಸೀರೆ ಜಗ್ಗಿದಾಗಲೂ ಅರಿವಿ ಒಣಹಾಕುವ ಕಬ್ಬಿಣದ ತಂತಿ ತುಕ್ಕು ಹಿಡಿದ ಕೊಕ್ಕೆಯಲ್ಲಿ ಅಲುಗುತ್ತಿತ್ತು. ತುಕ್ಕು ಹಿಡಿದ ಜೋಡಣೆ ಡಯೋಡ್ ಥರ ಕೆಲಸ ಮಾಡುತ್ತದೆ. ನನ್ನ 7ರ ಸಿಗ್ನಲನ್ನು ಹಿಡಿದು, ಕೆಡಿಸಿ, 14 ಮಾಡಿ ಅದೇ ತಂತಿಯಿಂದ ವಾಪಸ್ ಬಿಡುತ್ತಿತ್ತು. ಹಾರ್ಮೋನಿಕ್ ಹುಟ್ಟಿದ್ದೇ ಮಾಳಿಗೆ ಮೇಲೆ. ರಿಗ್ ಹಿಂದೆ ಎಷ್ಟು ಸ್ಟಬ್ ಹಾಕಿದರೆ ಏನು ಬಂತು?

“ಅವ್ವಾ, ಇನ್ನೊಂದ್ಸಲ ಜಗ್ಗ್ರಿ,” ಅಂದೆ.

“ಯಾಕೋ? ಅರಿವಿ ಎಲ್ಲಾ ತಗದಾತಲ್ಲ!”

ತಂತಿ ಕಿತ್ತು ನೈಲಾನ್ ಹಗ್ಗ ಕಟ್ಟಿದೆ. ಗಲಗಲ ಸದ್ದೇ ಇಲ್ಲ. ಜಾಂಬೂರಿ ದಿನ ಎರಡೂ ರಿಗ್ ಒಟ್ಟಿಗೆ ಓಡಿದವು, ಹುಡುಗರು ಕಚ್ಚಾಡಿಕೊಂಡು ಮಾತಾಡಿದರು. ಹಗ್ಗ ಜೋತು ಬಿದ್ದು ಸೀರೆ ನೆಲಕ್ಕೆ ತಾಗುತ್ತೆ ಅನ್ನೋದು ಈಗ ಅವ್ವನ ಹೊಸ ತಕರಾರು.

ಇನ್ನು 15 ಮೀಟರ್ ಬ್ಯಾಂಡ್ ಬಾಕಿ. 21 ಮೆಗಾಹರ್ಟ್ಸ್‌ಗೆ ನನ್ನ ಸ್ಟಬ್ ಮುಕ್ಕಾಲು ತರಂಗ ಆಗುತ್ತದೆ, ಅಂದರೆ ತಡೆಯೋದೇ ಇಲ್ಲ. ಅದಕ್ಕೂ ಅದೇ ಏಳು ಮೀಟರ್ ಕೇಬಲ್ ಸಾಕು, ಆದರೆ ಟೀಯನ್ನು ತುದಿಯಲ್ಲಿ ಹಚ್ಚದೆ ಮೂರನೇ ಒಂದು ಭಾಗಕ್ಕೆ ಹಚ್ಚಬೇಕು. 2.33 ಮೀಟರ್ ಕಡೆಯ ತುದಿ ತೆರೆದು, 4.66 ಮೀಟರ್ ಕಡೆಯ ತುದಿ ಬೆಸೆದು. ಕೇಬಲ್ ತಂದಿಟ್ಟಿದ್ದೇನೆ. ಈ ಸಲ ಫೋಮ್ ಅಲ್ಲ.