ಸೆಕೆಂಡ್ ಹ್ಯಾಂಡ್ ಕಾರಿನ ವಾರಂಟಿ: ಕೊಳ್ಳುವ ಮೊದಲು ರದ್ದು ಮಾಡುವುದನ್ನು ಕಲಿಯಿರಿ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರಿಗೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾರಿನ ಹಿಂದಿನ ಅಪಘಾತ, ಮಾಲೀಕರ ವಿವರ ಹೇಳುವ ಕಾರ್‌ಫ್ಯಾಕ್ಸ್ ವರದಿ ನೋಡುತ್ತಾರೆ, ಐನೂರು ಡಾಲರ್ ಇಳಿಸೋಕೆ ಮೂರು ಡೀಲರ್‌ಗಳ ಬಾಗಿಲು ತುಳಿಯುತ್ತಾರೆ. ಎಡವುವುದು ಬೆಲೆ ಕುದುರಿದ ಮೇಲೆ, ಫೈನಾನ್ಸ್ ಆಫೀಸಿನಲ್ಲಿ. ಅಲ್ಲಿ ಎಕ್ಸ್‌ಟೆಂಡೆಡ್ ವಾರಂಟಿಯ, ಅಂದರೆ ಮುಂದಿನ ರಿಪೇರಿ ಖರ್ಚಿಗೆಂದು ದುಡ್ಡು ಕೊಟ್ಟು ಕೊಳ್ಳುವ ಕಾಂಟ್ರಾಕ್ಟಿನ, ಒಟ್ಟು ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ತಿಂಗಳಿಗೆ ಬರೀ 58 ಡಾಲರ್ ಜಾಸ್ತಿ" ಎನ್ನುತ್ತಾರೆ. ಲೆಕ್ಕ ಹಾಕಿ: 2,800 ಡಾಲರ್‌ನ ಕಾಂಟ್ರಾಕ್ಟು ಶೇ. 9ರ ಬಡ್ಡಿಗೆ ಐದು ವರ್ಷದ ಸಾಲದಲ್ಲಿ ಸೇರಿಕೊಂಡರೆ ತಿಂಗಳಿಗೆ 58 ಆಗುತ್ತದೆ. ಕೊನೆಗೆ ಕೈಬಿಡುವುದು ಸುಮಾರು 3,490. ಚಿಕ್ಕಪೇಟೆಯಲ್ಲಿ ಒಂದು ಸೀರೆಗೆ ಅರ್ಧ ದಿನ ಚೌಕಾಸಿ ಮಾಡುವ ಜನ ಇಲ್ಲಿ ಸುಮ್ಮನೆ ಸಹಿ ಹಾಕುತ್ತಾರೆ. ಈ ಬೆಲೆಯನ್ನೂ ಇಳಿಸಬಹುದು ಅಂದರೆ ನಂಬುವುದೇ ಇಲ್ಲ. "ವಾರಂಟಿ ತೊಗೊಂಡ್ರೇನೇ ಬ್ಯಾಂಕು ಸಾಲ ಕೊಡತ್ತೆ" ಅಂತ ಅಂದರಂತೂ ಅಲ್ಲೇ ಕೂತು ಬ್ಯಾಂಕಿಗೆ ಫೋನ್ ಮಾಡಿ, ನಿಜವೇ ಎಂದು ಕೇಳಿ.

ಮೊದಲು ಪುಕ್ಕಟೆಯಾಗಿ ಏನಿದೆ ನೋಡಿಕೊಳ್ಳಿ. ಡೀಲರ್ ಮಾರುವ ಹಳೇ ಕಾರಿನ ಮೇಲೆ 'ಬೈಯರ್ಸ್ ಗೈಡ್' ಎಂಬ ಹಾಳೆ ಇರಬೇಕು ಅನ್ನುವುದು ಫೆಡರಲ್ ನಿಯಮ. 'ಆಸ್ ಈಸ್' ಎಂಬಲ್ಲಿ ಗುರುತು ಹಾಕಿದ್ದರೆ ಗೇಟು ದಾಟಿದ ಮೇಲೆ ರಿಪೇರಿಯೆಲ್ಲ ನಿಮ್ಮದೇ. ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಬಳಸಿದ ಕಾರಿಗೂ 'ಲೆಮನ್ ಕಾನೂನು', ಅಂದರೆ ದೋಷವಿರುವ ಕಾರು ಕೊಂಡವರನ್ನು ಕಾಯುವ ಕಾನೂನು, ಇದೆ. ಮ್ಯಾಸಚೂಸೆಟ್ಸ್‌ನಲ್ಲಿ 40,000 ಮೈಲಿಗಿಂತ ಕಡಿಮೆ ಓಡಿದ ಕಾರಿಗೆ ಡೀಲರ್ 90 ದಿನ ಅಥವಾ 3,750 ಮೈಲಿವರೆಗೆ ಜವಾಬ್ದಾರ. ಟೊಯೋಟಾ, ಹೋಂಡಾ ಕಾರುಗಳ ಎಂಜಿನ್-ಗೇರ್‌ಬಾಕ್ಸ್‌ಗೆ ಕಂಪನಿಯ ವಾರಂಟಿ 5 ವರ್ಷ ಅಥವಾ 60,000 ಮೈಲಿ. ಆದರೆ ಈ ಗಡಿಯಾರ ಶುರುವಾಗುವುದು ಮೊದಲ ಮಾಲೀಕರು ಕಾರು ಹೊರಗೆ ತಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಕ್ಯಾಟಲಿಟಿಕ್ ಕನ್ವರ್ಟರ್, ಎಂಜಿನ್ ಕಂಪ್ಯೂಟರ್‌ಗಳಿಗೆ ಫೆಡರಲ್ ಕಾನೂನಿನಂತೆ 8 ವರ್ಷ ಅಥವಾ 80,000 ಮೈಲಿ ರಕ್ಷಣೆ ಇದ್ದೇ ಇರುತ್ತದೆ. ಇದು ಗೊತ್ತಿಲ್ಲದೆ ಕೈಯಿಂದ ದುಡ್ಡು ಕೊಟ್ಟವರನ್ನು ನೋಡಿದ್ದೇನೆ.

ಹ್ಯುಂಡೈ, ಕಿಯಾ ಕೊಳ್ಳುವವರು ಇನ್ನೂ ಒಂದು ಕೇಳಿ. ಜಾಹೀರಾತಿನ '10 ವರ್ಷ, 1,00,000 ಮೈಲಿ' ಮೊದಲ ಮಾಲೀಕರಿಗೆ ಮಾತ್ರ. ಎರಡನೆಯವರಿಗೆ ದಕ್ಕುವುದು 5 ವರ್ಷ, 60,000 ಮೈಲಿ. ಕಂಪನಿಯೇ ಸರ್ಟಿಫೈ ಮಾಡಿಸಿದ ಕಾರಾದರೆ ಆ ಹತ್ತು ವರ್ಷ ಮರಳಿ ಸಿಗುತ್ತದೆ, ಅಂಥ ಕಾರಿಗೆ ಸಾವಿರ ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಎಕ್ಸ್‌ಟೆಂಡೆಡ್ ವಾರಂಟಿ ಬೇಕೋ ಬೇಡವೋ. ಕ್ಯಾಮ್ರಿ, ಕೊರೊಲ್ಲಾ, ಸಿವಿಕ್ ಆದರೆ ಬೇಡ. ಆ 58 ಡಾಲರನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುತ್ತ ಹೋಗಿ. ಅದಕ್ಕಿಂತ ಮುಖ್ಯ, ಕೊಳ್ಳುವ ಮೊದಲು ಡೀಲರ್‌ಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ಕಾರನ್ನು ಲಿಫ್ಟಿಗೆ ಹಾಕಿಸಿ ನೋಡಿಸಿ. ವಾರಂಟಿ ಕಾಂಟ್ರಾಕ್ಟು ಹೇಗೂ ಮೊದಲೇ ಇದ್ದ ದೋಷಕ್ಕೆ ದುಡ್ಡು ಕೊಡುವುದಿಲ್ಲ. 50,000 ಮೈಲಿ ದಾಟಿದ ಬಿಎಂಡಬ್ಲ್ಯುವೋ ಆಡಿಯೋ ಆಸೆಪಟ್ಟು ಕೊಳ್ಳುತ್ತಿದ್ದರೆ ಯೋಚಿಸಬಹುದು. ಆದರೂ ಕಾರು ತಯಾರಿಸಿದ ಕಂಪನಿಯ ಹೆಸರಿನ ಪ್ಲಾನನ್ನೇ ಕೇಳಿ, ಬೇರೆ ಯಾರದ್ದೋ ಬೇಡ. ಟಿವಿಯಲ್ಲಿ ಎಷ್ಟು ಜಾಹೀರಾತು ಬಂದರೂ ನಂಬಬೇಡಿ: 2024ರಲ್ಲಿ ಇಂಥ ಕಾಂಟ್ರಾಕ್ಟು ಮಾರುವ ಕಾರ್‌ಶೀಲ್ಡ್ ಕಂಪನಿ ದಾರಿತಪ್ಪಿಸುವ ಜಾಹೀರಾತಿನ ಆರೋಪದ ಮೇಲೆ ಫೆಡರಲ್ ಟ್ರೇಡ್ ಕಮಿಷನ್‌ಗೆ ಒಂದು ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡಿತು.

ಈಗ ಮುಖ್ಯ ವಿಷಯ. ವರ್ಷ ವರ್ಷವೂ ನಮ್ಮವರು ಸಾವಿರಾರು ಡಾಲರ್ ಬಿಟ್ಟುಹೋಗುವುದು ಇಲ್ಲೇ. ಈ ಕಾಂಟ್ರಾಕ್ಟನ್ನು ಮಧ್ಯದಲ್ಲಿ ರದ್ದು ಮಾಡಬಹುದು, ಬಳಸದೆ ಉಳಿದ ಪಾಲಿನ ದುಡ್ಡು ವಾಪಸ್ ಬರುತ್ತದೆ. ನಿಯಮ ರಾಜ್ಯಕ್ಕೊಂದು ಥರ, ಆದರೆ ಹೆಚ್ಚಿನ ಕಾಂಟ್ರಾಕ್ಟುಗಳ ಕೊನೆಯ ಪುಟಗಳಲ್ಲಿ ಈ ಕಲಮು ಇದ್ದೇ ಇರುತ್ತದೆ. ಶುರುವಿನ ಕೆಲವು ವಾರಗಳಲ್ಲಿ ರದ್ದು ಮಾಡಿದರೆ ಅನೇಕ ಕಡೆ ಪೂರ್ತಿ ಹಣ. ಆಮೇಲೆ ಕಾಲ, ಮೈಲಿ ಎರಡರಲ್ಲಿ ಯಾವುದು ಹೆಚ್ಚು ಸವೆದಿದೆಯೋ ಅದರ ಲೆಕ್ಕ. 5 ವರ್ಷ, 60,000 ಮೈಲಿಯ ಕಾಂಟ್ರಾಕ್ಟಿಗೆ 3,000 ಡಾಲರ್ ಕೊಟ್ಟು, ಎರಡು ವರ್ಷದಲ್ಲಿ 20,000 ಮೈಲಿ ಓಡಿಸಿ ಬಿಟ್ಟರೆ, ಸವೆದದ್ದು ಕಾಲದ ಲೆಕ್ಕದಲ್ಲಿ ಶೇ. 40. ಉಳಿದ 1,800 ನಿಮ್ಮದು. ಅದರಲ್ಲಿ ಸಣ್ಣ ಶುಲ್ಕವನ್ನೂ, ಕೆಲವು ಕಡೆ ಆಗಲೇ ಪಡೆದ ರಿಪೇರಿ ಹಣವನ್ನೂ ಮುರಿದುಕೊಳ್ಳುತ್ತಾರೆ.

ಕೇಳದಿದ್ದರೆ ಒಂದು ಪೈಸೆಯೂ ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕಾರು ಮಾರಿದಿರಿ ಎಂದು ವಾರಂಟಿಯವರಿಗೆ ಯಾರು ಹೇಳಬೇಕು? ಡಲಾಸ್‌ನಲ್ಲಿದ್ದ ದಾವಣಗೆರೆಯ ಹುಡುಗ ಪ್ರಾಜೆಕ್ಟ್ ಮುಗಿದು ಊರಿಗೆ ಹೊರಟಾಗ ಟಿವಿ, ಸೋಫಾ, ಇಡ್ಲಿ ಕುಕ್ಕರ್‌ವರೆಗೆ ಎಲ್ಲಕ್ಕೂ ಗಿರಾಕಿ ಹುಡುಕಿದ. ಕಾರಿನ ಕಾಂಟ್ರಾಕ್ಟಿನಲ್ಲಿ ಮೂರು ವರ್ಷ ಬಾಕಿ ಇತ್ತು, ಅದನ್ನು ಕಸದ ಬುಟ್ಟಿಗೆ ಹಾಕಿದ. ನ್ಯೂಜೆರ್ಸಿಯ ಒಂದು ದಂಪತಿಯ ಕಾರು ಅಪಘಾತದಲ್ಲಿ ಪೂರ್ತಿ ಜಖಂ ಆಯಿತು. ಇನ್ಶೂರೆನ್ಸಿನವರು ಕಾರಿನ ಬೆಲೆ ಕೊಟ್ಟರು. ಇಲ್ಲದ ಕಾರಿನ ವಾರಂಟಿ ಹಾಗೇ ನಿಂತಿತ್ತು. ತಿಂಗಳುಗಳು ಕಳೆದ ಮೇಲೆ ಮಾತಿಗೆ ಮಾತು ಬಂದು ನನಗೆ ಗೊತ್ತಾಯಿತು. ರದ್ದು ಮಾಡಿ ಎಂದು ಕೇಳಿದಾಗ ಡೀಲರ್ ಮೊದಲು "ಅದೆಲ್ಲ ಆಗಲ್ಲ" ಎಂದ. ಕಾಂಟ್ರಾಕ್ಟಿನ ಪುಟ ತೋರಿಸಿದ ಮೇಲೆ ಫಾರಂ ಕೊಟ್ಟ. ಡೀಲರ್‌ನ ಕಮಿಷನ್ನಿನ ಪಾಲೂ ವಾಪಸ್ ಹೋಗಬೇಕಾಗುವುದರಿಂದ ಅಲ್ಲಿ ಉತ್ಸಾಹ ಇರುವುದಿಲ್ಲ. ಆತ ಓಡಾಡಿಸಿದರೆ ಕಾಂಟ್ರಾಕ್ಟಿನ ಮೊದಲ ಪುಟದಲ್ಲಿರುವ ಅಡ್ಮಿನಿಸ್ಟ್ರೇಟರ್ (ಕಾಂಟ್ರಾಕ್ಟನ್ನು ನಡೆಸುವ ಕಂಪನಿ) ವಿಳಾಸಕ್ಕೆ ನೇರ ಬರೆಯಿರಿ. ಫೋನು ಸಾಲದು, ಬರಹದಲ್ಲೇ ಕೇಳಬೇಕು: ಕಾಂಟ್ರಾಕ್ಟಿನ ಪ್ರತಿ, ಸಹಿ ಮಾಡಿದ ಪತ್ರ, ಆ ದಿನದ ಓಡೋಮೀಟರ್ ಫೋಟೋ. ಕಾರು ಮಾರುವ ದಿನವೇ ಆ ಫೋಟೋ ತೆಗೆದಿಟ್ಟುಕೊಳ್ಳಿ. ಸಾಲದ ಜೊತೆ 'ಗ್ಯಾಪ್' (ಕಾರು ಪೂರ್ತಿ ಜಖಂ ಆದರೆ ಇನ್ಶೂರೆನ್ಸ್ ಹಣಕ್ಕೂ ಬಾಕಿ ಸಾಲಕ್ಕೂ ನಡುವಿನ ಅಂತರ ತುಂಬುವ ರಕ್ಷಣೆ) ಕೊಂಡಿದ್ದು ಸಾಲ ಬೇಗ ತೀರಿಸಿದ್ದರೆ ಅದರ ಹಣವನ್ನೂ ಹೀಗೇ ಬರೆದು ಕೇಳಿ.

ಸಾಲ ಇನ್ನೂ ಬಾಕಿ ಇದ್ದರೆ ಹಣ ನಿಮ್ಮ ಕೈಗೆ ಬರದೆ ಬ್ಯಾಂಕಿಗೆ ಹೋಗುತ್ತದೆ. ತಿಂಗಳ ಕಂತು ಇಳಿಯುವುದಿಲ್ಲ, ಅಸಲು ಇಳಿಯುತ್ತದೆ, ಸಾಲ ಬೇಗ ಮುಗಿಯುತ್ತದೆ. "ರದ್ದು ಮಾಡಿದೆ, ಕಂತು ಅಷ್ಟೇ ಇದೆ, ಮೋಸ ಆಯ್ತು" ಎಂದು ಫೋನ್ ಮಾಡುವವರಿಗೆ ನಾನು ಹೇಳುವ ಉತ್ತರ ಇದೇ: ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಅಸಲು ನೋಡಿ, ಇಳಿದಿಲ್ಲ ಅಂದರೆ ಆಗ ಜಗಳ ಶುರು ಮಾಡಿ.

ಯಾವ ವ್ಯವಸ್ಥೆ ಮೇಲು ಅಂತ ಕೇಳಿದರೆ ನಾನು ಬ್ರಿಟನ್ನಿನ ಕಡೆ. ಅಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆಯಂತೆ ಡೀಲರ್ ಮಾರಿದ ಹಳೇ ಕಾರಿನಲ್ಲಿ ಮೊದಲೇ ದೋಷ ಇತ್ತೆಂದಾದರೆ 30 ದಿನದೊಳಗೆ ತಿರುಗಿಸಿ ಕೊಡಬಹುದು. ಇಲ್ಲಿ ರಕ್ಷಣೆಯನ್ನೂ ಕಂತಿನಲ್ಲಿ ಮಾರುತ್ತಾರೆ. ಆದರೂ ನಮ್ಮೂರಲ್ಲಿ ಪರಿಚಯದ ಬ್ರೋಕರ್ "ಎಂಜಿನ್ ಹೂವಿದ್ದಂಗಿದೆ ಸಾರ್" ಅನ್ನುವ ಮಾತಿಗಿಂತ ಅಮೆರಿಕದ ಆ 'ಬೈಯರ್ಸ್ ಗೈಡ್' ಹಾಳೆ ಎಷ್ಟೋ ಉತ್ತಮ, ಅದು ಕಾಂಟ್ರಾಕ್ಟಿನ ಭಾಗವೂ ಹೌದು.

ಕಾಂಟ್ರಾಕ್ಟು ಕೊಂಡೇ ಕೊಂಡಿರಿ ಅನ್ನಿ. ಆಯಿಲ್ ಬದಲಿಸಿದ ಪ್ರತಿ ರಸೀತಿ ಇಟ್ಟುಕೊಳ್ಳಿ. ಎಂಜಿನ್ ಕೆಟ್ಟಾಗ ವಾರಂಟಿಯವರು ಮೊದಲು ಕೇಳುವುದು ಅದನ್ನೇ. ಅವರು ಒಪ್ಪಿಗೆ ಕೊಡುವ ಮೊದಲು ಗ್ಯಾರೇಜಿನವರು ಕೆಲಸ ಶುರು ಮಾಡಿದರೆ ಬಿಲ್ಲು ನಿಮ್ಮ ತಲೆಗೆ. ಭಾರತಕ್ಕೆ ವಾಪಸಾಗುತ್ತ ರದ್ದು ಮಾಡುವವರು ಇಲ್ಲಿನ ಬ್ಯಾಂಕ್ ಖಾತೆಯನ್ನು ಕೂಡಲೇ ಮುಚ್ಚಬೇಡಿ. ಹಣ ಬರಲು ವಾರಗಳೇ ಹಿಡಿಯುತ್ತವೆ, ಬರುವುದು ಎಷ್ಟೋ ಸಲ ಅಂಚೆಯಲ್ಲಿ ಚೆಕ್ ಆಗಿ. ನಂಬಿಕಸ್ಥ ಗೆಳೆಯರ ವಿಳಾಸ ಕೊಟ್ಟುಹೋಗಿ. ಆ ಡಾಲರ್ ಚೆಕ್ಕನ್ನು ಊರಿನ ಬ್ಯಾಂಕಿಗೆ ಹಾಕಿ ದುಡ್ಡು ಮಾಡಿಕೊಳ್ಳುವ ಸಾಹಸಕ್ಕೆ ಇಳಿಯಬೇಡಿ.