ಬಿಸ್ಮತ್ ಸೆಲೆನೈಡ್ ಹರಳಿನ ದೋಷ ಹತೋಟಿಗೆ ತರುವ ಬಗೆ

ಬಿಸ್ಮತ್ ಸೆಲೆನೈಡ್ ಟೋಪೋಲಾಜಿಕಲ್ ಇನ್ಸುಲೇಟರ್: ಒಳಗೆ ಕರೆಂಟ್ ಹರಿಯಬಾರದು, ಮೇಲ್ಮೈಯಲ್ಲಿ ಮಾತ್ರ ಹರಿಯಬೇಕು. ಫರ್ನೇಸಿನಿಂದ ತೆಗೆದ ಹರಳು ಮಾತ್ರ ಸಾಮಾನ್ಯವಾಗಿ ಲೋಹದ ಹಾಗೆ ವರ್ತಿಸುತ್ತದೆ. ಬಿಸಿಗೆ ಸೆಲೆನಿಯಂ ಆವಿಯಾಗಿ ಹೋಗಿ, ಪ್ರತಿ ಖಾಲಿ ಜಾಗವೂ ಎರಡೆರಡು ಎಲೆಕ್ಟ್ರಾನ್ ಬಿಟ್ಟುಕೊಡುವುದೇ ಇದಕ್ಕೆ ಮುಖ್ಯ ಕಾರಣ. ಮೇಲ್ಮೈಯಲ್ಲಿ ಕರೆಂಟ್ ಹರಿಸುವ ಸ್ಥಿತಿ ಇದರಿಂದ ಅಳಿಯುವುದಿಲ್ಲ, ಒಳಗಿನ ಎಲೆಕ್ಟ್ರಾನುಗಳ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಘನ ಸೆಂಟಿಮೀಟರಿಗೆ 10¹⁹ ಎಲೆಕ್ಟ್ರಾನ್ ಇರುವ 0.1 ಮಿ.ಮೀ. ದಪ್ಪದ ಹರಳಿನ ಪ್ರತಿ ಚದರ ಸೆಂಟಿಮೀಟರ್ ಅಡಿಯಲ್ಲಿ 10¹⁷ ಎಲೆಕ್ಟ್ರಾನ್ ಇರುತ್ತವೆ. ಮೇಲ್ಮೈಯ ಪಾಲು ಸುಮಾರು 10¹³ ಮಾತ್ರ.

5 ಗ್ರಾಂ ಹರಳಿಗೆ 3.191 ಗ್ರಾಂ ಬಿಸ್ಮತ್, 1.809 ಗ್ರಾಂ ಸೆಲೆನಿಯಂ ಬೇಕು. ಅದರ ಮೇಲೆ 0.030 ಗ್ರಾಂ ಸೆಲೆನಿಯಂ ಹೆಚ್ಚಿಗೆ ಹಾಕಿ, ಹಾರಿಹೋಗುವ ಪಾಲಿಗೆ. ಬಿಸ್ಮತ್ ಮೇಲಿನ ಮಾಸಲು ಪದರ ಕೆರೆದು ತೆಗೆಯಿರಿ. ಚಿಮಟ ಪ್ಲಾಸ್ಟಿಕ್‌ನದೇ ಇರಲಿ: ಕಬ್ಬಿಣದಂಥ ಕಾಂತೀಯ ಕಲ್ಮಶ ಕಾಲವಿಪರ್ಯಯ ಸಮ್ಮಿತಿಯನ್ನೇ (ಕಾಲವನ್ನು ಹಿಂದಕ್ಕೆ ಓಡಿಸಿದರೂ ನಿಯಮ ಬದಲಾಗದಿರುವ ಗುಣ) ಮುರಿಯುತ್ತದೆ, ಆಗ ಮೇಲ್ಮೈಗೆ ರಕ್ಷಣೆ ಉಳಿಯುವುದಿಲ್ಲ.

ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಕ್ವಾರ್ಟ್ಜ್ ಕೊಳವೆಯ ಒಳಗೋಡೆಗೆ ತೇವ ಹತ್ತುತ್ತದೆ. ಅಸಿಟೋನಿನಿಂದ ತೊಳೆದು, 150 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸಿ, ಆಮೇಲೆ ವ್ಯಾಕ್ಯೂಮ್ ಎಳೆದು ಸೀಲ್ ಮಾಡಿ.

ಗಂಟೆಗೆ 60 ಡಿಗ್ರಿಯಂತೆ 850ಕ್ಕೆ ಏರಿಸಿ. ಸೆಲೆನಿಯಂ 685 ಡಿಗ್ರಿಗೇ ಕುದಿಯುವುದರಿಂದ ಅವಸರ ಮಾಡಿದರೆ ಒತ್ತಡ ಏರಿ ಕೊಳವೆ ಒಡೆಯುತ್ತದೆ. ಆ ಹೊಗೆ ವಿಷ, ಫ್ಯೂಮ್ ಹುಡ್ ಬಿಟ್ಟು ಕೆಲಸ ಬೇಡ. 24 ಗಂಟೆ ತಡೆದು, ಗಂಟೆಗೆ 3 ಡಿಗ್ರಿಯಂತೆ 620ಕ್ಕೆ ಇಳಿಸಿ. ಇದಕ್ಕೆ ಸುಮಾರು 77 ಗಂಟೆ. ಹುಬ್ಬಳ್ಳಿ ಕಡೆ ವಳವಿನ ಮಳೆಯ ಗಾಳಿಗೆ ಕರೆಂಟ್ ಹೋದರೆ ಹರಳು ಸಣ್ಣ ಸಣ್ಣ ಚೂರಾಗಿ ಹೆಪ್ಪುಗಟ್ಟುತ್ತದೆ. ಫರ್ನೇಸಿಗೇ ಬ್ಯಾಕಪ್ ಬೇಕು, ಬರೀ ಕಂಟ್ರೋಲರಿಗೆ ಸಾಲದು.

ಪೂರ್ತಿ ಆರಿದ ಮೇಲೆ ಹರಳಿಗೆ ಟೇಪ್ ಅಂಟಿಸಿ ಎಳೆಯಿರಿ. ಕನ್ನಡಿಯಂಥ ಪದರ ಎದ್ದು ಬಂದರೆ ಹರಳು ಚೆನ್ನಾಗಿ ಕೂತಿದೆ. ಸಿಲ್ವರ್ ಪೇಸ್ಟಿನಿಂದ ತಂತಿ ಅಂಟಿಸಿ ಹಾಲ್ ವೋಲ್ಟೇಜ್, ಅಂದರೆ ಕಾಂತಕ್ಷೇತ್ರದಲ್ಲಿ ಕರೆಂಟಿಗೆ ಅಡ್ಡಲಾಗಿ ಹುಟ್ಟುವ ವೋಲ್ಟೇಜ್ ಅಳೆಯಿರಿ: 0.1 ಮಿ.ಮೀ. ದಪ್ಪ, 10 ಮಿಲಿಆಂಪ್, 0.5 ಟೆಸ್ಲಾಕ್ಕೆ 31 ಮೈಕ್ರೋವೋಲ್ಟ್ ಬಂದರೆ ಘನ ಸೆಂಟಿಮೀಟರಿಗೆ 10¹⁹ ಎಲೆಕ್ಟ್ರಾನ್ ಇವೆ ಎಂದರ್ಥ. ವೋಲ್ಟೇಜ್ ಹತ್ತು ಪಟ್ಟಾದರೆ ಎಲೆಕ್ಟ್ರಾನ್ ಹತ್ತನೇ ಒಂದು ಪಾಲು, ನಮಗೆ ಬೇಕಾದ ದಿಕ್ಕು ಅದೇ. ತಂತಿಗಳು ಎದುರುಬದುರು ಸರಿಯಾಗಿ ಕೂರುವುದು ಅಪರೂಪ, ಹಾಗಾಗಿ ಕಾಂತಕ್ಷೇತ್ರ ತಿರುಗಿಸಿ ಮತ್ತೊಮ್ಮೆ ಅಳೆದು, ಎರಡರ ವ್ಯತ್ಯಾಸವನ್ನು ಅರ್ಧ ಮಾಡಿ.

ಉಳಿದ ಎಲೆಕ್ಟ್ರಾನ್ ಹೀರಲು ಬಿಸ್ಮತ್ ಜಾಗಕ್ಕೆ ತುಸು ಕ್ಯಾಲ್ಸಿಯಂ ಸೇರಿಸುವುದುಂಟು. ಎಲೆಕ್ಟ್ರಾನ್ ಎಣಿಕೆ ಇಳಿಯುತ್ತದೆ ನಿಜ, ಆದರೆ ಕ್ಯಾಲ್ಸಿಯಂ ಕೂಡ ಒಂದು ದೋಷವೇ. ಎಲೆಕ್ಟ್ರಾನುಗಳು ಅದಕ್ಕೆ ಡಿಕ್ಕಿ ಹೊಡೆದು ಚದುರುತ್ತವೆ. ಮೊದಲು ಸೆಲೆನಿಯಂ ಅಳತೆ ಸರಿಪಡಿಸಿಕೊಳ್ಳುವುದು ಮೇಲು.

ಇದೇ ಹರಳು ಸೂಪರ್‌ಕಂಡಕ್ಟರ್ (ರೋಧವೇ ಇಲ್ಲದೆ ಕರೆಂಟ್ ಹರಿಸುವ ವಸ್ತು) ಆಗಬೇಕಿದ್ದರೆ ಹೆಚ್ಚಿನ ಸೆಲೆನಿಯಂ ಹಾಕದೆ 0.058 ಗ್ರಾಂ ತಾಮ್ರ ಸೇರಿಸಿ. ತಾಮ್ರ ಪದರಗಳ ನಡುವೆ ಕೂತರೆ ಎಲೆಕ್ಟ್ರಾನ್ ಕೊಡುತ್ತದೆ, ಬಿಸ್ಮತ್ ಜಾಗ ಹಿಡಿದರೆ ಕಸಿಯುತ್ತದೆ. ತಾಮ್ರ ಪದರಗಳ ನಡುವೆಯೇ ಉಳಿಯಲೆಂದು 620 ಡಿಗ್ರಿಯಿಂದ ನಿಧಾನಕ್ಕೆ ಆರಲು ಬಿಡದೆ, ಮುಖಕ್ಕೆ ಶೀಲ್ಡ್ ಹಾಕಿಕೊಂಡು, ಕೊಳವೆಯನ್ನು ನೇರ ತಣ್ಣೀರಿಗೆ ಇಳಿಸಬೇಕು. ಸರಿಬಂದ ಹರಳಿನಲ್ಲಿ 3.8 ಕೆಲ್ವಿನ್ ಸುಮಾರಿಗೆ ರೋಧ ಬೀಳತೊಡಗುತ್ತದೆ.