ಹೊಸ ಚಾಕುವಿಗೆ ಹೆಸರಿಡುವುದು ಹೇಗೆ?

ಉಕ್ಕನ್ನು ಕಾಯಿಸಿ, ಬಡಿದು, ಹದ ಕೊಟ್ಟು, ಸಾಣೆ ಹಿಡಿದು, ಹಿಡಿ ಕೂರಿಸುವವರೆಗೆ ಕೈಯಿಂದ ಚಾಕು ಮಾಡುವವರಿಗೆ ಪ್ರತಿ ಹಂತದಲ್ಲೂ ಏನು ಮಾಡಬೇಕೆಂಬುದು ತಿಳಿದಿರುತ್ತದೆ. ಹೊಸ ವಿನ್ಯಾಸವನ್ನು ಏನೆಂದು ಕರೆಯಬೇಕು ಎಂಬಲ್ಲಿಗೆ ಬಂದಾಗ ಮಾತ್ರ ಕೈ ನಿಲ್ಲುತ್ತದೆ. ನಾನು ಮೊದಲು ಮಾಡಿದ ಅಡುಗೆಮನೆಯ ಚಾಕುವಿಗೆ ‘ರಣಚಂಡಿ’ ಎಂದು ಹೆಸರಿಟ್ಟಿದ್ದೆ. ‘ಹುಳಿಗೆ ಹೆಚ್ಚೋ ಚಾಕುಗೆ ಇದ್ಯಾಕೋ ಈ ಹೆಸರು?’ ಎಂದ ಅಮ್ಮ, ಅದನ್ನು ಪಕ್ಕಕ್ಕೆ ಸರಿಸಿ ಎಂದಿನ ಈಳಿಗೆಮಣೆಯನ್ನೇ ಎಳೆದುಕೊಂಡರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಹೇಳಿರುವ ಕ್ರಮ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಮೊದಲು ಬಳಸಿ, ಆಮೇಲೆ ಹೆಸರಿಡಿ

ಹೆಸರನ್ನು ಮೊದಲೇ ನಿರ್ಧರಿಸಿ ಅದಕ್ಕೆ ತಕ್ಕ ಚಾಕು ಮಾಡಲು ಹೊರಡಬಾರದು. ವಿನ್ಯಾಸದ ಮೊದಲ ಒಂದೆರಡು ಚಾಕುಗಳನ್ನು ಕನಿಷ್ಠ ಒಂದು ತಿಂಗಳು ಅಡುಗೆಮನೆಯಲ್ಲಿ ಬಳಸಬೇಕು, ಮನೆಯವರ ಕೈಗೂ ನೆರೆಯವರ ಕೈಗೂ ಕೊಡಬೇಕು. ಅವರು ಅದನ್ನು ಯಾವ ಕೆಲಸಕ್ಕೆ ಎತ್ತಿಕೊಳ್ಳುತ್ತಾರೆ, ಕೇಳುವಾಗ ಏನೆಂದು ಕರೆಯುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಜಪಾನಿನ ಅಡುಗೆ ಚಾಕುಗಳ ಹೆಸರುಗಳು ಹೀಗೆ ಕೆಲಸಕ್ಕೆ ಅಂಟಿಕೊಂಡೇ ಬಂದಿವೆ: ‘ನಾಕಿರಿ’ ಎಂದರೆ ಸೊಪ್ಪು ಕೊಯ್ಯುವುದು ಎಂದೇ ಅರ್ಥ, ‘ಸಂತೋಕು’ ಎಂದರೆ ಮೂರು ಗುಣ, ಅಂದರೆ ಮಾಂಸ, ಮೀನು, ತರಕಾರಿ ಮೂರಕ್ಕೂ ಸಲ್ಲುವಂಥದ್ದು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ.

ಈ ಲೇಖನದ ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. 165 ಮಿ.ಮೀ. ಉದ್ದ, 45 ಮಿ.ಮೀ. ಅಗಲದ ಅಲಗು, ನೇರವಾದ ಬಾಯಿ, ಮೊನೆಯಿಲ್ಲದ ಚೌಕ ತುದಿ, ಹಲಸಿನ ಮರದ ಹಿಡಿ. ಸೊಪ್ಪು, ಹುರುಳಿಕಾಯಿಯಂಥವನ್ನು ಹೆಚ್ಚುವುದೇ ಇದರ ಮುಖ್ಯ ಕೆಲಸ.

ಪದಗಳನ್ನು ಕಲೆಹಾಕುವುದು

ಇಪ್ಪತ್ತು ಮೂವತ್ತು ಪದಗಳ ಪಟ್ಟಿಯೊಂದನ್ನು ಮಾಡಿಕೊಳ್ಳಿ. ಚಾಕುವಿನ ಅಂಗಗಳಿಂದ ಆರಂಭಿಸಬಹುದು: ಅಲಗು, ಮೊನೆ, ಬೆನ್ನು, ಹಿಡಿ, ಒರೆ. ಆಕಾರಕ್ಕೆ ಹೋಲುವ ಹಕ್ಕಿ, ಎಲೆ, ಮೀನುಗಳನ್ನೂ ಹೆಚ್ಚುವ ವಸ್ತುಗಳ ಹೆಸರುಗಳನ್ನೂ ಸೇರಿಸಿಕೊಳ್ಳಿ. ನಂತರ ನಿಘಂಟು ತೆರೆಯಿರಿ, ಏಕೆಂದರೆ ಬಳಕೆ ತಪ್ಪಿರುವ ಒಳ್ಳೆಯ ಪದಗಳು ಅಲ್ಲಿವೆ. ‘ಸುರಗಿ’ ಅಂಥದ್ದೊಂದು: ಹಳೆಯ ಕನ್ನಡದಲ್ಲಿ ಅದು ಕಿರುಗತ್ತಿ, ಕರಾವಳಿಯಲ್ಲಿ ಅದು ಒಣಗಿದರೂ ಪರಿಮಳ ಬಿಡದ ಹೂವು. ಇಂಥ ಎರಡು ಮುಖದ ಪದ ಕೈಗೆ ಸಿಕ್ಕಾಗ ಅದನ್ನು ಎಲ್ಲಿಯಾದರೂ ಬಳಸಿಬಿಡಬೇಕೆಂಬ ಆತುರ ಬರುತ್ತದೆ. ಆದರೆ ಮೊನೆಯೇ ಇಲ್ಲದ ಸೊಪ್ಪಿನ ಚಾಕುವಿಗೆ ಕಿರುಗತ್ತಿಯ ಹೆಸರು ಒಪ್ಪುವುದಿಲ್ಲ. ಮುಂದೆಂದಾದರೂ ಹಣ್ಣು ಕೊಯ್ಯುವ ತೆಳ್ಳನೆಯ ಚಾಕು ಮಾಡಿದಾಗ ಬೇಕಾಗುತ್ತದೆಂದು ಅದನ್ನು ಎತ್ತಿಡುವುದೇ ಸರಿ.

ಪಟ್ಟಿಯಿಂದ ತೆಗೆದುಹಾಕಬೇಕಾದ ಪದಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬೆಂಗಳೂರಿನಲ್ಲಿ ‘ಲಾಂಗು’, ‘ಮಚ್ಚು’ ಎಂಬ ಮಾತುಗಳು ಕಿವಿಗೆ ಬಿದ್ದರೆ ತೆಂಗಿನಕಾಯಿಯ ನೆನಪಾಗುವುದಿಲ್ಲ, ಅಪರಾಧ ಸುದ್ದಿಯ ನೆನಪಾಗುತ್ತದೆ. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳು ನಮ್ಮ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ, ಉದ್ಯಮಗಳಿಗೆಂದು ಮಾಡಿದವುಗಳಿಗೆ ಮಾತ್ರ ವಿನಾಯಿತಿ ಇದೆ. ನಿಮ್ಮ ಚಾಕು ಅಡುಗೆಗೆ ಎಂದು ನೀವು ಹೇಳುತ್ತಿರುವಾಗ ಅದರ ಹೆಸರು ಕಾಳಗವನ್ನು ಸಾರಬಾರದು. ಕೊಡಗಿನ ‘ಪೀಚೆಕತ್ತಿ’, ‘ಒಡಿಕತ್ತಿ’ಗಳನ್ನೂ ಬಿಡಬೇಕು. ಮದುವೆಯಲ್ಲಿ ವರನ ಉಡುಪಿನ ಭಾಗವಾಗಿ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಪಡೆಯುವ ಆಯುಧವಾಗಿ ಇಂದಿಗೂ ಬಾಳುತ್ತಿರುವ ಆ ಹೆಸರುಗಳನ್ನು ತರಕಾರಿ ಚಾಕುವಿಗೆ ಅಂಟಿಸುವುದು ಕೊಡವರಿಗೂ ಮೆಚ್ಚುಗೆಯಾಗದು, ಕೊಳ್ಳುವವರಿಗೂ ದಾರಿ ತಪ್ಪಿಸುತ್ತದೆ. ಬೆಂಗಳೂರು ಕರಗದ ವೀರಕುಮಾರರು ತಿಗಳರಪೇಟೆಯ ಧರ್ಮರಾಯನ ಗುಡಿಯ ಮುಂದೆ ನಡೆಸುವ ಅಲಗು ಸೇವೆಯ ಮಾತುಗಳಿಗೂ ಇದೇ ಅನ್ವಯಿಸುತ್ತದೆ. ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಸಾಧ್ಯತೆಯಿರುವ ಗುರುತುಗಳನ್ನು ನೋಂದಾಯಿಸಲು ವ್ಯಾಪಾರ ಚಿಹ್ನೆ (ಟ್ರೇಡ್‌ಮಾರ್ಕ್) ಕಾಯ್ದೆಯೂ ಅವಕಾಶ ಕೊಡುವುದಿಲ್ಲ.

ಊರಿನ ಹೆಸರಿಡುವ ಆಸೆಯನ್ನೂ ಹತ್ತಿಕ್ಕಿಕೊಳ್ಳಿ. ಫ್ರಾನ್ಸಿನ ಲಾಗ್ಯೋಲ್ ಎಂಬ ಹಳ್ಳಿ ತನ್ನ ಮಡಚು ಚಾಕುವಿಗೆ ಹೆಸರಾದದ್ದು. ಆ ಹೆಸರನ್ನು ಹೊರಗಿನ ಉದ್ಯಮಿಯೊಬ್ಬರು 1993ರಲ್ಲಿ ತಮ್ಮ ಸರಕುಗಳಿಗೆ ನೋಂದಾಯಿಸಿಕೊಂಡಿದ್ದರಿಂದ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 2012ರಲ್ಲಿ ಹಳ್ಳಿಯವರು ತಮ್ಮೂರಿನ ನಾಮಫಲಕವನ್ನೇ ಕಿತ್ತು ಪ್ರತಿಭಟಿಸಿದರು.

ನಾಲಿಗೆಯ ಪರೀಕ್ಷೆ

ಉಳಿದ ಐದಾರು ಪದಗಳನ್ನು ಈಗ ಬಾಯಿಗೆ ಒಪ್ಪಿಸಬೇಕು. ಹೆಸರು ಬೇರೆಯವರ ಲಿಪಿಗೂ ನಾಲಿಗೆಗೂ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಉಕ್ಕಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ: 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಜಾರ್ಜ್ ಪಿಯರ್ಸನ್ ಭಾರತದ ಉಕ್ಕಿನ ಬಗ್ಗೆ ಬರೆದಾಗ ಅದು ‘ವೂಟ್ಸ್’ ಆಗಿತ್ತು. ದಕ್ಷಿಣದ ‘ಉಕ್ಕು’ ಎಂಬ ಮಾತೇ ಹೀಗೆ ರೂಪ ಕೆಟ್ಟಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಪ್ರಪಂಚ ಇಂದಿಗೂ ಆ ಕೆಟ್ಟ ರೂಪವನ್ನೇ ಬಳಸುತ್ತಿದೆ.

ಪರೀಕ್ಷೆ ಸುಲಭ. ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕನ್ನಡ ಬಾರದ ಐದು ಜನರಿಂದ ಗಟ್ಟಿಯಾಗಿ ಓದಿಸಿ. ಆಮೇಲೆ ಫೋನಿನಲ್ಲಿ ಒಬ್ಬರಿಗೆ ಹೇಳಿ, ಅವರು ಕೇಳಿಸಿಕೊಂಡದ್ದನ್ನು ಬರೆದು ಕಳಿಸಲು ಕೋರಿ. ಹಲವು ನುಡಿಗಳು ಬೆರೆಯುವ ಬೆಂಗಳೂರಿನಲ್ಲಿ ಈ ಪರೀಕ್ಷೆಗೆ ಜನರ ಕೊರತೆಯಿಲ್ಲ, ಅಚ್ಚರಿಗಳಿಗೂ ಕೊರತೆಯಿಲ್ಲ. ಸೊಪ್ಪಿನ ಚಾಕುವಿಗೆ ‘ಕುಡಿ’ ಎಂಬ ಹೆಸರು ನನಗೆ ಬಹಳ ಹಿಡಿಸಿತ್ತು; ಚಿಗುರಿನ ತುದಿ ಎಂಬ ಅರ್ಥ ಅಲಗಿಗೂ ಸೊಪ್ಪಿಗೂ ಹೊಂದುತ್ತದೆ. ಆದರೆ ಕನ್ನಡದವರಿಗೂ ತಮಿಳರಿಗೂ ಅದು ಕುಡಿತವನ್ನು ನೆನಪಿಸುತ್ತದೆ, ಪಂಜಾಬಿಗಳಿಗೆ ಅದು ಹುಡುಗಿ. ‘ಮೊನೆ’ ಎಂದರೆ ಮಲಯಾಳಿಗಳಿಗೆ ಯಾರೋ ಮಗನನ್ನು ಕರೆದಂತೆ ಕೇಳಿಸಬಹುದು. ಹೇಗೂ ನಮ್ಮ ಚಾಕುವಿಗೆ ಮೊನೆಯಿಲ್ಲ.

ಕೊನೆಗೆ ಉಳಿದದ್ದು ‘ದಂಟು’. ಇದಕ್ಕೂ ತೊಂದರೆ ಇಲ್ಲದಿಲ್ಲ: ಇಂಗ್ಲಿಷ್ ಅಕ್ಷರಗಳಲ್ಲಿ ದಕಾರ ಡಕಾರಗಳ, ತಕಾರ ಟಕಾರಗಳ ಭೇದ ಅಳಿಸಿಹೋಗುವುದರಿಂದ ಕೆಲವರು ‘ಡಂಟು’ ಎನ್ನುತ್ತಾರೆ, ಕೆಲವರು ‘ದಂತು’ ಎನ್ನುತ್ತಾರೆ. ಆದರೂ ದಂಟಿನ ಸೊಪ್ಪು ಬಲ್ಲ ಮನೆಯಲ್ಲಿ ಆ ಹೆಸರನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ. ನೀವು ಹೆಚ್ಚಾಗಿ ಮಾರುವುದು ಕನ್ನಡ ಬಲ್ಲವರಿಗೋ ಅಲ್ಲದವರಿಗೋ ಎಂಬುದರ ಮೇಲೆ ಇಲ್ಲಿ ತೀರ್ಮಾನ ನಿಲ್ಲುತ್ತದೆ. ನಾನಾಗಿದ್ದರೆ ‘ದಂಟು’ವನ್ನೇ ಆರಿಸುತ್ತಿದ್ದೆ.

ಒಂದೇ ಆಕಾರವನ್ನು ಹಲವು ಅಳತೆಗಳಲ್ಲಿ ಮಾಡುವವರು ಪ್ರತಿಯೊಂದಕ್ಕೂ ಹೊಸ ಹೆಸರು ಹುಡುಕುವ ಅಗತ್ಯವಿಲ್ಲ. ಫ್ರಾನ್ಸಿನ ಒಪಿನೆಲ್ 1897ರಲ್ಲಿ ತನ್ನ ಚಾಕುಗಳಿಗೆ 1ರಿಂದ 12ರವರೆಗೆ ಅಂಕಿ ಕೊಟ್ಟಿತು, ಜನ ಇಂದಿಗೂ ಅಂಕಿ ಹೇಳಿಯೇ ಕೇಳುತ್ತಾರೆ. ಉಕ್ಕಿನ ದರ್ಜೆಯನ್ನು ಹೆಸರಿನೊಳಗೆ ಸೇರಿಸುವುದು ಮಾತ್ರ ಬೇಡ. ಇಂದು ಇಎನ್ 31 ಬಳಸಿದವರು ನಾಳೆ ಬೇರೆ ಉಕ್ಕಿಗೆ ಹೋದರೆ ಹೆಸರು ಸುಳ್ಳಾಗುತ್ತದೆ. ಸ್ವಿಟ್ಜರ್ಲೆಂಡಿನ ಚಾಕು ಕಂಪನಿ ವಿಕ್ಟೋರಿನಾಕ್ಸ್‌ನ ಹೆಸರಿನಲ್ಲಿ ಸ್ಥಾಪಕರ ತಾಯಿ ವಿಕ್ಟೋರಿಯಾ ಅವರ ಜೊತೆಗೆ ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಸೇರಿಕೊಂಡಿದೆ, ನಿಜ. ಆದರೆ ಅವರು ಆ ಉಕ್ಕನ್ನು ಬಿಡಲಿಲ್ಲ.

ಕಾನೂನಿನ ಕೆಲಸ

ಹೆಸರು ಗಟ್ಟಿಯಾಯಿತು ಎನಿಸಿದ ಮೇಲೆ, ಯಾರಿಗೂ ಪ್ರಕಟಿಸುವ ಮುನ್ನ, ಭಾರತ ಸರ್ಕಾರದ ಬೌದ್ಧಿಕ ಆಸ್ತಿ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಿ ನೋಡಬೇಕು. ನೋಂದಣಿಗೆಂದು ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ; ಕೈ ಉಪಕರಣಗಳು ಮತ್ತು ಚಾಕುಗಳು 8ನೆಯ ವರ್ಗಕ್ಕೆ ಸೇರುತ್ತವೆ. ಅಕ್ಷರಶಃ ಅದೇ ಪದವನ್ನಷ್ಟೇ ಅಲ್ಲದೆ ಉಚ್ಚಾರಣೆಯಲ್ಲಿ ಹೋಲುವ ಪದಗಳನ್ನೂ ಹುಡುಕುವ ಅನುಕೂಲ ಅಲ್ಲಿದೆ; ಅದನ್ನು ತಪ್ಪದೆ ಬಳಸಿ, ಏಕೆಂದರೆ ಹೋಲಿಕೆಯಿಂದ ಗೊಂದಲವಾಗುವಂತಿದ್ದರೂ ಅರ್ಜಿಗೆ ಆಕ್ಷೇಪ ಬರುತ್ತದೆ. ಸರಕಿನ ಗುಣವನ್ನೋ ಉಪಯೋಗವನ್ನೋ ಹುಟ್ಟಿದ ಜಾಗವನ್ನೋ ಬರೀ ವರ್ಣಿಸುವ ಪದವನ್ನು 1999ರ ವ್ಯಾಪಾರ ಚಿಹ್ನೆ ಕಾಯ್ದೆಯ 9ನೆಯ ಕಲಂ ತಡೆಯುತ್ತದೆ. ಆದ್ದರಿಂದ ‘ಹರಿತ’, ‘ಅಲಗು’ ಎಂಬ ಪದಗಳು ಎಷ್ಟೇ ಚೆನ್ನಾಗಿದ್ದರೂ ಅವು ನಿಮ್ಮೊಬ್ಬರದಾಗುವುದು ಕಷ್ಟ.

ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕವಿದೆ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಹೆಸರನ್ನು ಕನ್ನಡ ಲಿಪಿಯಲ್ಲಿ ನೋಂದಾಯಿಸುವುದಾದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು. ಅರ್ಜಿಯು ವ್ಯಾಪಾರ ಚಿಹ್ನೆ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆಕ್ಷೇಪಿಸಲು ಇತರರಿಗೆ ನಾಲ್ಕು ತಿಂಗಳ ಅವಕಾಶವಿರುತ್ತದೆ. ನೋಂದಣಿಯಾದರೆ ಅರ್ಜಿಯ ದಿನದಿಂದ 10 ವರ್ಷ ಹಕ್ಕು ಸಿಗುತ್ತದೆ, ಮತ್ತೆ ನವೀಕರಿಸಿಕೊಳ್ಳಬಹುದು. ನೋಂದಣಿಗೆ ಮೊದಲು ‘ಟಿಎಂ’ ಎಂದು ಬರೆದುಕೊಳ್ಳಬಹುದೇ ಹೊರತು ವೃತ್ತದೊಳಗಿನ ‘ಆರ್’ ಗುರುತನ್ನು ಹಾಕುವುದು ಕಾನೂನುಬಾಹಿರ. ಹೆಸರಿನ ರಕ್ಷಣೆ ಆಕಾರವನ್ನು ಕಾಯುವುದಿಲ್ಲ ಎಂಬುದೂ ನೆನಪಿರಲಿ: ಆಕಾರಕ್ಕೆ 2000ದ ವಿನ್ಯಾಸ ಕಾಯ್ದೆಯಡಿ ಬೇರೆಯೇ ಅರ್ಜಿ ಬೇಕು, ಅದನ್ನು ಚಾಕುವಿನ ಚಿತ್ರ ಹೊರಬೀಳುವ ಮೊದಲೇ ಹಾಕಬೇಕು.

ಅಲಗಿನ ಮೇಲೆ

ಹೆಸರನ್ನು ಅಚ್ಚಿನಿಂದ ಬಡಿದು ಒತ್ತುವವರು ಉಕ್ಕಿಗೆ ಹದ ಕೊಡುವ ಮೊದಲೇ ಆ ಕೆಲಸ ಮುಗಿಸಬೇಕು. ಹದವಾದ ಅಲಗು ಅಚ್ಚಿಗೆ ಬಗ್ಗುವುದಿಲ್ಲ. ಕೊರೆಯಚ್ಚು (ಸ್ಟೆನ್ಸಿಲ್) ಅಂಟಿಸಿ, ಉಪ್ಪುನೀರು ಮತ್ತು ಕಡಿಮೆ ವೋಲ್ಟೇಜಿನ ವಿದ್ಯುತ್ತಿನಿಂದ ಕೆತ್ತುವವರು ಹದ ಕೊಟ್ಟು, ಉಜ್ಜಿ ನಯಮಾಡಿದ ಮೇಲೆ ಮಾಡಬೇಕು, ಇಲ್ಲವಾದರೆ ಉಜ್ಜುವಾಗ ಅಕ್ಷರ ಅಳಿಸಿಹೋಗುತ್ತದೆ. ಎರಡೂ ವಿಧಾನಗಳಲ್ಲಿ ಕನ್ನಡ ಅಕ್ಷರಗಳ ಕಷ್ಟ ಒಂದೇ. ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ಕಲಸಿಹೋಗುತ್ತವೆ. ‘ದಂಟು’ವಿನಲ್ಲಿ ಒತ್ತಕ್ಷರವಿಲ್ಲದಿದ್ದರೂ ನಡುವಿನ ಸೊನ್ನೆ ಮುಚ್ಚಿಕೊಂಡು ಚುಕ್ಕೆಯಾಗಬಹುದು, ಹಾಗಾಗಿ ಅಕ್ಷರವನ್ನು ಐದು ಮಿ.ಮೀ.ಗಿಂತ ಚಿಕ್ಕದು ಮಾಡದೆ, ಮೊದಲು ಅದೇ ಉಕ್ಕಿನ ತುಂಡೊಂದರ ಮೇಲೆ ಪ್ರಯತ್ನಿಸಿ ನೋಡಿ. ಜಾಗವನ್ನು ಬೆನ್ನಿಗೆ ಹತ್ತಿರವಾಗಿ, ಹಿಡಿಯ ಬುಡದಲ್ಲಿ ಆರಿಸಿಕೊಂಡರೆ ವರ್ಷಗಟ್ಟಲೆ ಸಾಣೆ ಹಿಡಿದು ಅಲಗು ಸವೆದರೂ ಹೆಸರು ಸವೆಯುವುದಿಲ್ಲ.